ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗ

ತುಂಡಣ್ಣ ಎಂದರೆ ಯಾರೋ ಮೂರಡಿಯ ಆಸಾಮಿ ಇರಬೇಕೆಂದು ಎಣಿಸಿ ಬಂದವರು ಹೊಟೇಲಿನ ಊಟದ ಹಾಲಿನಲ್ಲಿ ಸ್ವಲ್ಪ ಹೊತ್ತು ಪೆಚ್ಚಾಗಿ ನಿಲ್ಲುತ್ತಾರೆ. ಬಾಗಿಲ ಚೌಕಟ್ಟಿಗೆ ಹಣೆ ಬಡಿಯದಂತೆ ಬಾಗಿ ಒಳಗೆ ಬರುವ ಆರಡಿ ಎರಡಂಗುಲದ ಆಳು ಅದು. ಎದೆಯ ಮೇಲೆ ಹಸುಗೂಸಿನ ಹಾಗೆ ಅವುಚಿಕೊಂಡ ಕೆಂಪು ಅಕಾರ್ಡಿಯನ್ ಬೇರೆ. ಹತ್ತೊಂಬತ್ತು ವರ್ಷದಿಂದ ಅವನು ಕೈ ತೊಳೆಯುವ ಬೇಸಿನ್ನಿಗೂ ಕುಂಡದಲ್ಲಿಟ್ಟ ಪ್ಲಾಸ್ಟಿಕ್ ಗಿಡಕ್ಕೂ ನಡುವೆ ಸ್ಟೂಲು ಹಾಕಿಕೊಂಡು, ಉಣ್ಣುವವರ ಕಿವಿಗೆ ಸಂಗೀತ ಬಡಿಸುತ್ತಿದ್ದಾನೆ. ಉಣ್ಣುವವರು ತಟ್ಟೆ ನೋಡುತ್ತಾರೆ, ಅವನು ಪ್ಲಾಸ್ಟಿಕ್ ಗಿಡ ನೋಡುತ್ತಾನೆ. ಎರಡೂ ಕಡೆಯವರಿಗೆ ಪರಸ್ಪರ ದೂರಿಲ್ಲ.

ಹೆಸರು ಎತ್ತರದಿಂದ ಬಂದದ್ದಲ್ಲ, ಹಾಡಿನಿಂದ ಬಂದದ್ದು. ಇಪ್ಪತ್ತರ ಹರೆಯದಲ್ಲಿ ಒಂದು ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಆರು ಜನರ ವಾದ್ಯಗೋಷ್ಠಿಯಲ್ಲಿ ಅವನ ರಂಗಪ್ರವೇಶವಾಯಿತು. ಗೋಷ್ಠಿಯ ಯಜಮಾನರು ಎಲ್ಲಿಂದಲೋ ಒಂದು ಅಪರೂಪದ ಹಾಡು ಹುಡುಕಿ ತಂದಿದ್ದರು. ಅದನ್ನು ಕೇಳಿದ್ದೇ ಇವನು, "ಅಯ್ಯೋ, ಅದು ನಂಗೆ ನಿದ್ದೇಲೂ ಬರುತ್ತೆ, ಪ್ರಾಕ್ಟೀಸೇ ಬೇಡ" ಅಂದುಬಿಟ್ಟ. ಬಂದದ್ದೂ ನಿಜವೇ. ಎರಡು ನಿಮಿಷ ಹತ್ತು ಸೆಕೆಂಡು ದೇವಲೋಕದವರು ಕೆಳಗಿಳಿದು ಬರುವ ಹಾಗೆ ನುಡಿಸಿದ. ಹನ್ನೊಂದನೆಯ ಸೆಕೆಂಡಿಗೆ ಅಕಾರ್ಡಿಯನ್ ಮಡಚಿ, ಪಟ್ಟಿ ಬಿಗಿದು, ಎದ್ದು ಸಭೆಗೆ ನಮಸ್ಕಾರ ಮಾಡಿದ. ಉಳಿದ ಐವರು ಇನ್ನೂ ಮೂರು ನಿಮಿಷ ನುಡಿಸುತ್ತಲೇ ಇದ್ದರು. ಹಾಡು ಮುಗಿದದ್ದೂ ತಿಳಿಯದ ಈ ಮುಗ್ಧರನ್ನು ಅವನು ಕನಿಕರದಿಂದ ನೋಡುತ್ತ ಕೂತ. ಡ್ರಮ್ಮಿನವನು ಅವತ್ತೇ ತುಂಡಣ್ಣ ಎಂದು ಕರೆದ. ಹೆಸರು ಅಂಟಿಕೊಂಡಿತು. ಈಗ ಅವನ ಹೆಂಡತಿಯೂ ಸಿಟ್ಟು ಬಂದಾಗ ಅದನ್ನೇ ಬಳಸುತ್ತಾಳೆ.

ಇದು ಪೆದ್ದುತನವೂ ಅಲ್ಲ, ಗರ್ವವೂ ಅಲ್ಲ. ಆ ಹಾಡು ಅಲ್ಲಿಗೆ ಮುಗಿಯುತ್ತದೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಈ ನಂಬಿಕೆಯ ಹುಟ್ಟೂರು ಅವನ ಸೋದರತ್ತೆಯ ಅಂಗಡಿ.

ಅತ್ತೆಯದು ಹಾಡು ತುಂಬಿಸಿಕೊಡುವ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ. ಗೋಡೆ ತುಂಬ ಗ್ರಾಮಾಫೋನ್ ರೆಕಾರ್ಡು, ಮೇಜಿನ ಮೇಲೆ ರೆಕಾರ್ಡು ತಿರುಗಿಸುವ ಯಂತ್ರ ಎರಡು, ಟೇಪ್ ರೆಕಾರ್ಡರು ಮೂರು, ಅವುಗಳ ನಡುವೆ ಅತ್ತೆ ಒಬ್ಬಳು. ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ತಂದುಕೊಡುತ್ತಿದ್ದರು. ಅತ್ತೆ ಅವನ್ನೆಲ್ಲ ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸುತ್ತಿದ್ದಳು, ಒಂದು ಬದಿಗೆ ಮೂವತ್ತು ನಿಮಿಷ. ಆದರೆ ಹಾಡುಗಳು ಗಡಿಯಾರ ನೋಡಿಕೊಂಡು ಹುಟ್ಟಿದವಲ್ಲವಲ್ಲ. ಇಪ್ಪತ್ತಾರಕ್ಕೋ ಇಪ್ಪತ್ತೇಳಕ್ಕೋ ಪಟ್ಟಿ ಮುಗಿದು, ಬದಿಯ ಕೊನೆಯಲ್ಲಿ ಮೂರು ನಾಲ್ಕು ನಿಮಿಷ ಖಾಲಿ ಉಳಿಯುತ್ತಿತ್ತು. ಬೇರೆ ಅಂಗಡಿಯವರು ಅದನ್ನು ಹಾಗೇ ಬಿಡುತ್ತಿದ್ದರು. ಅತ್ತೆ ಬಿಡುವವಳಲ್ಲ. "ಮುಕ್ಕಾಲು ಲೋಟ ಚಹಾ ಕೊಟ್ಟು ಲೋಟ ಕೊಟ್ಟಿದೀನಿ ಅಂದ ಹಾಗೆ" ಎನ್ನುತ್ತಿದ್ದಳು. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಯಾರೂ ಯಾವ ಪಟ್ಟಿಯಲ್ಲೂ ಬರೆಯದ, ಕಂಪನಿಯವರೇ ಮರೆತ ರೆಕಾರ್ಡುಗಳೆಲ್ಲ ಅದರಲ್ಲಿ. ಅದರಿಂದ ಒಂದನ್ನು ತೆಗೆದು ಆ ಖಾಲಿ ಜಾಗಕ್ಕೆ ಹಾಕಿ, ಸಾಕೆನ್ನಿಸಿದಲ್ಲಿ ಗುಂಡಿ ತಿರುಗಿಸಿ ದನಿ ಇಳಿಸಿಬಿಡುತ್ತಿದ್ದಳು.

ನಮ್ಮವನಿಗೆ ಒಂಬತ್ತನೇ ವಯಸ್ಸಿಗೆ ಅಲ್ಲಿ ಉದ್ಯೋಗ ಸಿಕ್ಕಿತು. ಕ್ಯಾಸೆಟ್ ಮನೆಗೆ ಒಯ್ದವರು ಮೊಟ್ಟಮೊದಲು ಮಾಡುತ್ತಿದ್ದ ಕೆಲಸವೆಂದರೆ ಕೊನೆಗೆ ಓಡಿಸಿ, ಹಾಡು ಕೊನೆಯತನಕ ಬಂದಿದೆಯೋ ಇಲ್ಲವೋ ನೋಡುವುದು. ಅವರಿಗಿಂತ ಮೊದಲು ನೋಡುವ ಕೆಲಸ ಇವನದು. ಶಾಲೆ ಬಿಟ್ಟು ಬಂದು ದಿನಕ್ಕೆ ಇಪ್ಪತ್ತು ಮೂವತ್ತು ಬದಿಗಳ ಬಾಲ ಮಾತ್ರ ಕೇಳುವುದು. ದನಿ ಇಳಿದು ಹಾಡು ನಿಂತ ಕೂಡಲೇ ಗುಂಡಿ ಒತ್ತಿ, "ಬಂದಿದೆ ಅತ್ತೆ" ಅನ್ನುವುದು, ಮುಂದಿನದನ್ನು ಹಾಕುವುದು. ಹೀಗೆ ಹತ್ತು ವರ್ಷ. ಊರಿನ ಮಕ್ಕಳೆಲ್ಲ ಪಟ್ಟಿಯ ಹಾಡುಗಳನ್ನು ಕೇಳಿ ಬೆಳೆದರೆ, ಇವನು ಪಟ್ಟಿ ಮುಗಿದ ಮೇಲಿನವನ್ನು ಕೇಳಿ ಬೆಳೆದ. ಎಲ್ಲರೂ ತಲೆದೂಗುವ ಹಾಡುಗಳು ಅವನ ಪಾಲಿಗೆ ಟೇಪು ಮುಂದೋಡುವಾಗ ಬರುವ ಕಿಚಿಪಿಚಿ ಮಾತ್ರ.

ಮಗುವಿನ ತರ್ಕಕ್ಕೆ ಎಂದೂ ಸೋಲಿಲ್ಲ. ಯಾವ ಮನೆಯ ಕ್ಯಾಸೆಟ್ ತೆಗೆದರೂ ಕೊನೆಗೆ ಇವೇ ಐದಾರು ಹಾಡು ಇರುತ್ತವೆಂದ ಮೇಲೆ, ಊರಿಗೆ ಊರೇ ಮೆಚ್ಚಿದ ಹಾಡುಗಳು ಇವೇ ತಾನೇ? ಹೀಗೆಂದು ಹದಿನೆಂಟು ದಾಟುವವರೆಗೂ ನಂಬಿಕೊಂಡಿದ್ದ. ಸಮಾರಂಭಗಳಲ್ಲಿ ಜನ ಬೇರೆ ಹಾಡು ಗುನುಗಿದರೆ, ಪಾಪ, ಇವರಿಗೆ ಒಳ್ಳೆಯದು ಸಿಕ್ಕಿಲ್ಲ ಎಂದುಕೊಳ್ಳುತ್ತಿದ್ದ.

ಆ ಹಾಡುಗಳಿಗೆ ಅವನದೇ ಹೆಸರುಗಳು. ಒಂದು ಕೆಮ್ಮಿನ ಹಾಡು. ಹಾಡುವವನು ನಡುವೆ ಒಮ್ಮೆ ಕೆಮ್ಮುತ್ತಾನೆ, ನಿಲ್ಲಿಸದೆ ಮುಂದುವರಿಯುತ್ತಾನೆ. ತಪ್ಪನ್ನು ಮುಚ್ಚುವುದಕ್ಕಿಂತ ದಾಟುವುದು ಮೇಲೆಂದು ಇವನು ಕಲಿತದ್ದು ಅಲ್ಲಿ. ಇನ್ನೊಂದು ಕಿಟಕಿ ಹಾಡು. ಹೆಂಗಸೊಬ್ಬಳು ಯಾರನ್ನೋ ಕಿಟಕಿ ಮುಚ್ಚು ಎಂದು ಕೇಳುತ್ತಾಳೆ, ಅಷ್ಟೇ. ದನಿ ಎತ್ತುವುದಿಲ್ಲ, ಆದರೂ ಆ ಮನೆಯಲ್ಲಿ ಏನೋ ನಡೆದಿದೆ ಎಂದು ಗೊತ್ತಾಗುತ್ತದೆ. ಮೂರನೆಯದು ಮೆಟ್ಟಿಲ ಹಾಡು, ಅದರ ತಾಳ ಯಾರೋ ಬರಿಗಾಲಲ್ಲಿ ಇಳಿದು ಬಂದ ಹಾಗೆ. ನಾಲ್ಕನೆಯದು ಏದುಸಿರಿನ ಹಾಡು. ಅದರಲ್ಲಿ ಅಕಾರ್ಡಿಯನ್ ಬರಬೇಕಾದ ಜಾಗಕ್ಕಿಂತ ಒಂದು ಗಳಿಗೆ ತಡವಾಗಿ, ಬಸ್ಸು ಹಿಡಿಯಲು ಓಡಿಬಂದವನ ಹಾಗೆ ಬರುತ್ತದೆ. ಅದನ್ನು ಕೇಳಿಯೇ ಅವನು ಆ ವಾದ್ಯ ಹಿಡಿದದ್ದು. ಐದನೆಯದು ಛತ್ರಿ ಹಾಡು. ಎರವಲು ತಂದ ಛತ್ರಿಯನ್ನು ಹಿಂದಿರುಗಿಸಲು ಹೋದ ಒಬ್ಬ ಗಂಡಸು ಬಾಗಿಲು ತಟ್ಟಲಾರದೆ ಹೊರಗೇ ನಿಲ್ಲುವ ಕಥೆ.

ಕಾರ್ಖಾನೆಯ ಪ್ರಸಂಗದ ಮೇಲೆ ಲೋಕದ ಹಾಡುಗಳು ಎರಡು ನಿಮಿಷದಾಚೆಗೂ ಬದುಕುತ್ತವೆಂದು ಅವನಿಗೆ ತಿಳಿಯಿತು. ತಿಳಿಯಿತೇ ಹೊರತು ಒಪ್ಪಿಗೆಯಾಗಲಿಲ್ಲ. ಹೊಟೇಲಿನಲ್ಲಿ ಯಾವ ಹಾಡು ನುಡಿಸಿದರೂ ಒಳ್ಳೆಯ ಘಟ್ಟ ಬಂದಾಗ ಬಿಟ್ಟುಬಿಡುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ಬಿಟ್ಟಾಗ, ಕಿಟಕಿ ಪಕ್ಕದ ಮೇಜಿನಲ್ಲಿ ಸೂಪಿನ ಚಮಚ ಒಂದು ಗಾಳಿಯಲ್ಲೇ ನಿಂತಿತು. ಚಮಚದ ಒಡತಿ ರೇಡಿಯೋದ ನಿರೂಪಕಿ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಅರ್ಧ ಗಂಟೆ, ಸಂಗೀತಗಾರರನ್ನು ಕೂರಿಸಿಕೊಂಡು ಅವರ ಅಭಿರುಚಿಯನ್ನು ತಿದ್ದಿದ ಹಾಡುಗಳನ್ನು ಕೇಳಿಸುವ ಕಾರ್ಯಕ್ರಮ ಅವಳದು, ನೇರ ಪ್ರಸಾರ. ಮುಂದಿನ ಶನಿವಾರಕ್ಕೆ ಬನ್ನಿ ಎಂದಳು. ನಿಯಮ ಒಂದೇ: ಹಾಡುಗಳನ್ನು ಪೂರ್ತಿ ಹಾಕಬೇಕು.

ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ನಿನಗೇನು ಇಷ್ಟ ಎಂದು ಕೇಳಿರಲಿಲ್ಲ. ಹೊಟೇಲಿನಲ್ಲಂತೂ ಉಪ್ಪಿನ ಡಬ್ಬಿ ಎಲ್ಲಿ ಎಂದು ಮಾತ್ರ ಕೇಳುತ್ತಿದ್ದರು.

ಸುದ್ದಿ ತಲುಪಿದ ಸಂಜೆಯೇ ಭಾವ ಬಂದ. ಭಾವ ಎಂದರೆ ಹೆಂಡತಿಯ ಅಣ್ಣ, ಪಿಟೀಲು ವಿದ್ವಾಂಸ. ಅದೇ ಕಾರ್ಯಕ್ರಮದಲ್ಲಿ ಹಿಂದಿನ ವರ್ಷ ಏಳು ಮಹಾನ್ ಕೃತಿಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ಒಂದೊಂದು ನಿಟ್ಟುಸಿರು ಬಿಟ್ಟು ಬಂದಿದ್ದ. ಚಹಾ ಬರುವ ಮೊದಲೇ ವಿಷಯಕ್ಕೆ ಬಂದ.

"ಏನಯ್ಯಾ ಹಾಕ್ತೀಯಾ ಅಲ್ಲಿ?"

"ಕೆಮ್ಮಿನ ಹಾಡು, ಕಿಟಕಿ ಹಾಡು..."

"ತಲೆ ನೆಟ್ಟಗಿದೆಯಾ? ಊರೆಲ್ಲ ಕೇಳತ್ತೆ ಕಣಯ್ಯಾ. ನಾಲ್ಕು ದೊಡ್ಡ ಹೆಸರು ಬರ್ಕೊಡ್ತೀನಿ, ಅವನ್ನ ಹೇಳು. ಮನೆ ಮರ್ಯಾದೆ ಉಳಿಯತ್ತೆ."

"ಅವು ನನ್ನ ಹಾಡಲ್ಲ ಭಾವ."

ಭಾವ ಬಿಸ್ಕತ್ತು ಮುರಿದು, ಅರ್ಧ ಬಾಯಿಗೆ ಹಾಕಿಕೊಂಡು, ಬಹಳ ದಿನದಿಂದ ಹರಿತ ಮಾಡಿಟ್ಟುಕೊಂಡಿದ್ದನ್ನು ಹೊರತೆಗೆದ. "ನಿನ್ನ ಹಾಡು ಯಾವ್ದಯ್ಯಾ? ನಿಂಗಿರೋ ಅಭಿರುಚಿ ನಿಂದಲ್ಲ, ಟೇಪಿಂದು. ಜಾಗ ಎಷ್ಟು ಉಳೀತೋ ಅಷ್ಟು ಹಾಡು. ಅರವತ್ತು ನಿಮಿಷದ ಕ್ಯಾಸೆಟ್ ಬದ್ಲು ತೊಂಬತ್ತರದ್ದು ಚಾಲ್ತೀಲಿ ಇದ್ದಿದ್ರೆ ನೀನು ಬೇರೆ ಮನುಷ್ಯನೇ ಆಗ್ತಿದ್ದೆ."

ತುಂಡಣ್ಣ ನಕ್ಕ. ಭಾವ ಹೋದ ಮೇಲೆ ತಟ್ಟೆಯಲ್ಲಿ ಉಳಿದ ಅರ್ಧ ಬಿಸ್ಕತ್ತನ್ನೇ ನೋಡುತ್ತ ಕೂತ. ಐವತ್ತು ದಾಟಿದ ಮನುಷ್ಯನಿಗೆ ತಲೆಕೂದಲು ತನ್ನದಲ್ಲ ಎಂದರೆ ಸಹಿಸಿಯಾನು. ಅಭಿರುಚಿ ನಿನ್ನದಲ್ಲ, ಪ್ಲಾಸ್ಟಿಕ್ ಡಬ್ಬಿಯೊಳಗೆ ಉಳಿದ ಜಾಗದ್ದು ಎಂದರೆ ಹೇಗೆ ಸಹಿಸುವುದು? ಆ ಅರ್ಧ ಗಂಟೆಯಲ್ಲಿ ಭಾವನ ಮಾತು ಸುಳ್ಳೆಂದು ತೋರಿಸಲೇಬೇಕೆಂದು ಅವನು ತೀರ್ಮಾನಿಸಿದ. ಅದಕ್ಕೆ ಮೊದಲು ಹಾಡುಗಳು ಪೂರ್ತಿ ಸಿಗಬೇಕು. ಅತ್ತೆಯ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಮೂಲೆ ಪೆಟ್ಟಿಗೆ ಗುಜರಿಗೆ ಹೋಗಿತ್ತು.

ಅಂಥ ರೆಕಾರ್ಡುಗಳು ಯಾರ ಹತ್ತಿರವಾದರೂ ಇದ್ದರೆ ಹಲ್ಲಿನ ಡಾಕ್ಟರ ಹತ್ತಿರ ಎಂದು ಹಳೆ ಸಾಮಾನಿನವನು ಹೇಳಿದ. ಡಾಕ್ಟರು ನಲವತ್ತು ವರ್ಷದಿಂದ ಜನರ ಹಲ್ಲು ಕಿತ್ತು ಬಂದದ್ದನ್ನೆಲ್ಲ ರೆಕಾರ್ಡಿಗೆ ಸುರಿದವರು. ಅವು ಅವರ ಕ್ಲಿನಿಕ್ಕಿನಲ್ಲೇ, ಗಾಜಿನ ಬೀರುಗಳಲ್ಲಿ, ದವಡೆಯ ಮಾದರಿಗಳ ಪಕ್ಕದಲ್ಲಿ ನಿಂತಿದ್ದವು. ಹಾಡುಗಳ ಮೊದಲ ಸಾಲು ಬರೆದಿದ್ದ ಪಟ್ಟಿ ಓದಿ ಅವರ ಕಣ್ಣು ಅರಳಿತು.

"ಇವನ್ನ ಕೇಳ್ಕೊಂಡು ಬಂದ ಮೊದಲ ಮನುಷ್ಯ ನೀವು. ನಾಲ್ಕಿದೆ. ಈ ಛತ್ರಿದು ಮಾತ್ರ ನಾನು ಹೆಸರೂ ಕೇಳಿಲ್ಲ. ಆದ್ರೆ ರೆಕಾರ್ಡು ಈ ಕೋಣೆ ದಾಟಲ್ಲ. ಇಲ್ಲೇ ಕೇಳ್ಬೇಕು. ಬೇಕಾದ್ರೆ ಟೇಪ್ ಮಾಡ್ಕೊಡ್ತೀನಿ."

"ಆಗ್ಲಿ ಸಾರ್."

"ಕೂತ್ಕೊಳ್ಳಿ."

ಕೂರಲು ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಹಿಂದಕ್ಕೆ ವಾಲುವಂಥದ್ದು, ತಲೆಯ ಮೇಲೆ ದೀಪ ಇರುವಂಥದ್ದು. ಡಾಕ್ಟರು ರೆಕಾರ್ಡು ಹಾಕಿ, ಕೈ ಸುಮ್ಮನಿರಲಾರದೆ, "ಹೇಗೂ ಬಂದಿದೀರಿ, ಒಂದ್ಸಲ ಆ ಅನ್ನಿ" ಎಂದರು.

ಹೀಗೆ ತುಂಡಣ್ಣ ತನ್ನ ಬಾಳನ್ನು ರೂಪಿಸಿದ ಹಾಡುಗಳ ಉತ್ತರಾರ್ಧವನ್ನು ಮೊದಲ ಬಾರಿಗೆ ಕೇಳಿದ್ದು ಅಂಗಾತ ಮಲಗಿ, ಬಾಯಿ ತೆರೆದು, ಬಾಯಲ್ಲಿ ಕನ್ನಡಿಯ ಕಡ್ಡಿ ಇಟ್ಟುಕೊಂಡು. ಕೆಮ್ಮಿನ ಹಾಡು ಎರಡು ನಿಮಿಷ ದಾಟಿತು. ಅಲ್ಲಿಂದಾಚೆ ಹಾಡುವವನಿಗೆ ಏನಾಯಿತೋ, ಒಂದು ಹಿಂಡು ಜನ ಸೇರಿಕೊಂಡು ಹಹಹಾ ಎಂದು ತಾಳಕ್ಕೆ ಸರಿಯಾಗಿ ನಗತೊಡಗಿದರು.

"ಆಂ," ಎಂದ ತುಂಡಣ್ಣ.

"ನೋವಾ?"

"ಅಆ."

ಮೆಟ್ಟಿಲ ಹಾಡಿನಲ್ಲಿ ಇಳಿದು ಬಂದ ಪಾದಗಳು ಕೆಳಗೆ ಬಂದ ಮೇಲೆ ಪರೇಡು ಮಾಡಿದವು. ಏದುಸಿರಿನ ಹಾಡಿನ ಎರಡನೇ ಚರಣ ಉಳಿತಾಯದ ಮಹತ್ವವನ್ನು ತಿಳಿಸಿಕೊಡುವಂಥದ್ದು. ಅದು ಮುಗಿದ ಮೇಲೆ ಮಕ್ಕಳ ಮೇಳವೊಂದು ಒಂದರಿಂದ ನಲವತ್ತರವರೆಗೆ ಎಣಿಸಿತು. ಕೊನೆಯ ಪೆಟ್ಟು ಕಿಟಕಿ ಹಾಡಿನದು. ಮೂರನೇ ನಿಮಿಷಕ್ಕೆ ಒಬ್ಬ ಗಂಡಸು ಬಂದು ಕಿಟಕಿ ಮುಚ್ಚಿದ. ಅಷ್ಟೇ ಅಲ್ಲ, ಯಾಕೆ ಮುಚ್ಚಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ವಿವರಿಸಿದ. ತುಂಡಣ್ಣನ ಕಣ್ಣಲ್ಲಿ ನೀರು ಬಂತು.

"ಎಡಗಡೆ ಕೊನೇದು ಹುಳುಕಾಗಿದೆ," ಎಂದರು ಡಾಕ್ಟರು ಮೆಲ್ಲಗೆ. "ಹೊರಗಿಂದ ಗೊತ್ತೇ ಆಗಲ್ಲ ನೋಡಿ."

ಅವರು ಹೇಳಿದ್ದು ಹಲ್ಲಿನ ವಿಷಯ. ಅವನು ಕೇಳಿಸಿಕೊಂಡದ್ದು ಬೇರೆ. ಇವನ್ನು ಪೂರ್ತಿ ಹಾಕಿದರೆ ಊರಿಗೆ ಊರೇ ನಗುತ್ತದೆ, ತಾಳಕ್ಕೆ ಸರಿಯಾಗಿ. ಭಾವನ ಮಾತೇ ನಿಜವಾಗಿಬಿಡುತ್ತದೆ. ಅವನು ಮೆಚ್ಚಿದ್ದು ಹಾಡನ್ನಲ್ಲ, ಟೇಪು ಸಾಲದೆ ಹೋದ ಅದೃಷ್ಟವನ್ನು.

ಛತ್ರಿ ಹಾಡೊಂದು ಉಳಿದಿತ್ತು. ಅದಕ್ಕಾಗಿ ಗುರುವಾರ ಮಧ್ಯಾಹ್ನ ಅತ್ತೆಯ ಮನೆಗೆ ಹೋದ. ಹಳೆಯ ಅಂಗಡಿಯಲ್ಲಿ ಈಗ ಜೆರಾಕ್ಸ್ ಯಂತ್ರವಿದೆ. ಅದರ ಮೇಲಿನ ಮಹಡಿಯ ಕೋಣೆಯಲ್ಲಿ ಎಪ್ಪತ್ತೆಂಟರ ಅತ್ತೆ ಇದ್ದಾಳೆ. ಮಾತು ಉದ್ದವಾದರೆ ಎದ್ದು ಹೋಗಿ ಬೇರೆ ಕೆಲಸ ಹಿಡಿಯುವ ಅಭ್ಯಾಸದಿಂದಾಗಿ ಅಕ್ಕಪಕ್ಕದವರಿಗೆ ಅವಳೆಂದರೆ ಭಯ. ಮಂಚದ ಕೆಳಗೆ ಒಂದು ಟ್ರಂಕಿತ್ತು. ಹಾಡು ತುಂಬಿಸಿಟ್ಟು ಒಯ್ಯಲು ಮರೆತ ಗಿರಾಕಿಗಳ ಕ್ಯಾಸೆಟ್ಟುಗಳು ಅದರೊಳಗೆ.

"ಅತ್ತೆ, ಟ್ರಂಕ್ ಎಳೀಲಾ?"

"ಎಳಿ. ಸೊಂಟ ನೋಡ್ಕೋ, ನಿಂದು ಉದ್ದ."

ಒಂದು ಕ್ಯಾಸೆಟ್ ತೆಗೆದು, ಅಭ್ಯಾಸದಂತೆ ಬಾಲಕ್ಕೆ ಓಡಿಸಿ ಹಾಕಿದ. ಸಿಕ್ಕಿದ್ದು ಕಿಟಕಿ ಹಾಡು. ಹೆಂಗಸು ಕೇಳಿದಳು, ದನಿ ಇಳಿಯಿತು, ನಿಂತಿತು. ಚಿಕ್ಕಂದಿನಲ್ಲಾದರೆ ಅವನ ಬೆರಳು ಆಗಲೇ ಗುಂಡಿ ಒತ್ತಿರುತ್ತಿತ್ತು. ಮುಂದಿನ ಕ್ಯಾಸೆಟ್ ಕಾಯುತ್ತಿರುತ್ತಿತ್ತಲ್ಲ. ಇವತ್ತು ಮನಸ್ಸು ಕುಸಿದು ಕೂತಿದ್ದರಿಂದ ಒತ್ತಲಿಲ್ಲ. ಟೇಪು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ತಿರುಗಿತು, ಇನ್ನೂ ತಿರುಗಿತು. ಗಡಿಯಾರ ನೋಡಿದ. ಒಂದು ನಿಮಿಷ ನಲವತ್ತು ಸೆಕೆಂಡಾದ ಮೇಲೆ ಟಕ್ಕೆಂದು ನಿಂತಿತು.

ಇನ್ನೊಂದು ಹಾಕಿದ. ಕೆಮ್ಮಿನ ಹಾಡು. ನಿಂತ ಮೇಲೆ ಎರಡು ನಿಮಿಷ ಖಾಲಿ. ಇನ್ನೊಂದು. ಇನ್ನೊಂದು. ಜಾಗ ಇಲ್ಲದ್ದಕ್ಕೆ ನಿಂತ ಹಾಡು ಒಂದೂ ಇರಲಿಲ್ಲ.

"ಅತ್ತೆ, ಇಲ್ಲಿ ಜಾಗ ಇತ್ತು."

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಯಾವ ಜಾಗ?"

"ಹಾಡು ಮುಂದುವರಿಯೋಕೆ. ನೀನು ಬೇಕಂತ ನಿಲ್ಸಿದೀಯ."

"ಇಲ್ಲಪ್ಪ, ಟೈಮ್ ನೋಡಿ ನಿಲ್ಸಿದ್ದು."

"ಸುಳ್ಳು ಹೇಳ್ಬೇಡ. ಎರಡು ನಿಮಿಷ ಖಾಲಿ ಬಿಟ್ಟಿದೀಯ. ಖಾಲಿ ಬಿಡೋದು ಮುಕ್ಕಾಲು ಲೋಟ ಅಂತಿದ್ದವಳು ನೀನೇ."

ದಾರ ಸೂಜಿಯ ಕಣ್ಣಿಗೆ ತೂರಿತು. ಅತ್ತೆ ಕನ್ನಡಕದ ಮೇಲಿಂದ ನೋಡಿದಳು. "ಮತ್ತೇನು ಮಾಡ್ಬೇಕಿತ್ತು? ಆ ಮುಂಡೇದು ಬಂದು ಕಿಟಕಿ ಮುಚ್ಚೋದನ್ನ ನಾಲ್ಕು ಜನಕ್ಕೆ ಕೇಳಿಸ್ಲಾ? ನಂಬಿ ಪಟ್ಟಿ ಕೊಟ್ಟಿದ್ದೋರು ಕಣೋ ಅವ್ರು. ಕೊಳೆತ ಅರ್ಧ ಹೆಚ್ಚಿ ಬಿಸಾಕಿ ಒಳ್ಳೆ ಅರ್ಧ ಕೊಟ್ಟೆ. ಯಾರೂ ಬೇಜಾರು ಮಾಡ್ಕೊಂಡಿಲ್ಲ."

ತುಂಡಣ್ಣ ಟ್ರಂಕಿನ ಮೇಲೆ ಕೂತುಬಿಟ್ಟ. ಒಂದು ಕಡೆಯಿಂದ ಹಾಯೆನ್ನಿಸಿತು: ಅದು ಟೇಪಿನ ಅದೃಷ್ಟವಲ್ಲ. ಇನ್ನೊಂದು ಕಡೆಯಿಂದ ಮೊದಲಿಗಿಂತ ದೊಡ್ಡ ಗುಂಡಿ ತೆರೆಯಿತು: ಹಾಗಾದರೆ ಅಭಿರುಚಿ ಅವನದಲ್ಲ, ಅತ್ತೆಯದು. ಟೇಪಿನೊಂದಿಗಾದರೆ ವಾದ ಮಾಡಬಹುದಿತ್ತು. ಅತ್ತೆಯೊಂದಿಗೆ ಇದುವರೆಗೆ ಯಾರೂ ವಾದ ಮಾಡಿ ಉಳಿದಿರಲಿಲ್ಲ.

"ಶನಿವಾರ ನಾನೂ ಬರ್ತೀನಿ," ಎಂದಳು ಅತ್ತೆ. "ನೀನು ಏನೇನೋ ಉದ್ದ ಮಾತಾಡ್ತೀಯ."

ಟ್ರಂಕಿನಿಂದ ಐದು ಕ್ಯಾಸೆಟ್ ಹೊರಬಂದವು. ನಾಲ್ಕನ್ನು ಅತ್ತೆ ಕೇಳಿ ಆರಿಸಿದಳು. ಐದನೆಯದನ್ನು ಅವನೇ ಡಬ್ಬಿಯ ಚೀಟಿಯಲ್ಲಿ ಛತ್ರಿ ಎಂದಿದ್ದದ್ದು ನೋಡಿ ಚೀಲಕ್ಕೆ ಹಾಕಿಕೊಂಡ, ಏಕೆಂದರೆ ಅಷ್ಟು ಹೊತ್ತಿಗೆ ಅತ್ತೆ ಬೇಜಾರಾಗಿ ಕೊತ್ತಂಬರಿ ಸೋಸಲು ಹೋಗಿದ್ದಳು.

ಶನಿವಾರ ಮೂರೂಮುಕ್ಕಾಲಿಗೆ ರೇಡಿಯೋದ ಕೋಣೆ. ಗೋಡೆಗೆಲ್ಲ ಮೊಟ್ಟೆಯ ತಟ್ಟೆಯಂಥ ಗುಬುಟು ಗುಬುಟು ಹಲಗೆ, ಮೇಜಿನ ಮೇಲೆ ಮೂರು ಮೈಕು. ನಿರೂಪಕಿ ಕ್ಯಾಸೆಟ್ಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇವೆಲ್ಲ ಅರ್ಧ ಇದೆಯಂತಲ್ಲ ಸರ್. ಪೂರ್ತಿ ಹಾಕ್ಬೇಕು, ನಿಯಮ ಇದೆ."

"ಪೂರ್ತಿ ಕೇಳಿದೀಯೇನಮ್ಮ?" ಎಂದಳು ಅತ್ತೆ. ಡಾಕ್ಟರು ಮಾಡಿಕೊಟ್ಟಿದ್ದ ಟೇಪನ್ನು ಮುಂದೆ ತಳ್ಳಿದಳು. ನಿರೂಪಕಿ ಹೆಡ್‌ಫೋನು ಹಾಕಿಕೊಂಡು ಏದುಸಿರಿನ ಹಾಡು ಕೇಳಿದಳು. ಮೊದಲು ಮುಗುಳುನಗೆ ಬಂತು, ಉಳಿತಾಯದ ಚರಣಕ್ಕೆ ಅದು ಹೋಯಿತು. ಮಕ್ಕಳ ಎಣಿಕೆ ಇಪ್ಪತ್ತಾರು ತಲುಪಿದಾಗ ಹೆಡ್‌ಫೋನು ತೆಗೆದಿಟ್ಟಳು.

"ಎಲ್ಲೀವರೆಗೆ ಎಣಿಸ್ತಾರೆ?"

"ನಲವತ್ತು."

"ನಿಯಮದಲ್ಲಿ ಹಾಡು ಪೂರ್ತಿ ಹಾಕ್ಬೇಕು ಅಂತಿದೆ," ಎಂದಳು ಅವಳು ಯೋಚಿಸಿ. "ಎಣಿಕೆ ಬಗ್ಗೆ ಏನೂ ಇಲ್ಲ. ನಿಮ್ಮದನ್ನೇ ಹಾಕೋಣ."

ಕೆಂಪು ದೀಪ ಹತ್ತಿತು. ನಿರೂಪಕಿ ತುಂಡಣ್ಣನನ್ನು ಪರಿಚಯಿಸಿ, ನಿಮ್ಮ ಅಭಿರುಚಿ ಬೆಳೆದ ಬಗೆ ಹೇಳಿ ಎಂದಳು. ಅವನು ಗಂಟಲು ಸರಿಪಡಿಸಿಕೊಂಡು, "ನಾನು ಚಿಕ್ಕವನಿದ್ದಾಗ ನಮ್ಮ ಅತ್ತೆ" ಎಂದ. ಅಲ್ಲಿಂದ ಮುಂದೆ ಹದಿನೇಳು ನಿಮಿಷ ಅತ್ತೆಯೇ. ಕೆಮ್ಮಿನ ಹಾಡು ಹಾಕಿಸಿದಳು, ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಎಂದು ಹೇಳಿದಳು. ಕಿಟಕಿ ಹಾಡು ಹಾಕಿಸಿ, ಉತ್ತರ ಬಂದ ಮೇಲೆ ಪ್ರಶ್ನೆಗೆ ಮರ್ಯಾದೆ ಉಳಿಯುವುದಿಲ್ಲ ಎಂದಳು. ಮೆಟ್ಟಿಲ ಹಾಡು, ಏದುಸಿರಿನ ಹಾಡು. ಅವಳ ಮಾತು ಗರಗಸದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಗಾಜಿನಾಚೆ ಯಂತ್ರದ ಮುಂದೆ ಕೂತವರು ಕೂಡ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ತುಂಡಣ್ಣ ಈವರೆಗೆ ಆಡಿದ್ದು ನಾಲ್ಕು ಪದ. ಮನೆಯಲ್ಲಿ ರೇಡಿಯೋ ಮುಂದೆ ಕೂತ ಭಾವನ ಮುಖ ಅವನ ಕಣ್ಣಿಗೆ ಕಟ್ಟಿತು. ಅವನದೆಂದು ಈ ಕೋಣೆಯಲ್ಲಿ ಇದ್ದದ್ದು ಕುರ್ಚಿ ಮಾತ್ರ, ಅದೂ ಒಂದು ಕಾಲು ಕುಂಟು.

"ಕೊನೆಯ ಹಾಡು?" ಎಂದಳು ನಿರೂಪಕಿ.

ಛತ್ರಿ ಹಾಡು ಬಂತು. ಗಂಡಸು ಛತ್ರಿ ಹಿಡಿದು ಬಾಗಿಲವರೆಗೆ ಹೋದ, ನಿಂತ, ಕೈ ಎತ್ತಿದ. ಹಾಡು ಅಲ್ಲಿಗೆ ನಿಲ್ಲಲಿಲ್ಲ. ಆ ಮೇಲೆ ಬರೀ ತಾಳ, ನಾಲ್ಕು ಪೆಟ್ಟು. ಅದಾದ ಮೇಲೆ ದನಿ ಇಳಿಯಿತು.

ಅತ್ತೆ ಮಾತಾಡಲಿಲ್ಲ. ರೇಡಿಯೋದಲ್ಲಿ ಮೂರು ಸೆಕೆಂಡು ಮೌನವೆಂದರೆ ಮೂರು ವರ್ಷ. ನಿರೂಪಕಿ ಗಾಬರಿಯಿಂದ ಇಬ್ಬರನ್ನೂ ನೋಡಿದಳು.

"ಇದು ನಂದಲ್ಲ," ಎಂದಳು ಅತ್ತೆ.

"ನಿಂದೇ ಅತ್ತೆ, ನಿನ್ನ ಟ್ರಂಕಲ್ಲೇ ಇತ್ತು."

"ಈ ಹಾಡು ನಾನು ಜನ್ಮದಲ್ಲಿ ಕೇಳಿಲ್ಲ. ಇದನ್ನ ನಿಲ್ಸಿರೋ ಕೈ ನಂದಲ್ಲ. ನಾನು ಕೈ ಎತ್ತಿದ ತಕ್ಷಣ ಮುಗಿಸ್ತಿದ್ದೆ. ಯಾರು ಮಾಡಿದ್ದು ಇದು?"

ಆಗ ತುಂಡಣ್ಣನ ತಲೆಯೊಳಗೆ ಏನೋ ಚಟ್ಟೆಂದು ಮುರಿದ ಸದ್ದಾಯಿತು. ಅವನು ಹದಿನಾಲ್ಕನೆಯ ವಯಸ್ಸಿನವನಾಗಿದ್ದಾಗ ಕೇಳಿದ ಸದ್ದು ಅದು. ಅತ್ತೆ ಹೊಟ್ಟೆಯ ಆಪರೇಷನ್ ಆಗಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಅಂಗಡಿ ನಡೆಸಿದ್ದು ಇವನೇ. ಆ ವಾರವೇ ಕಂಪನಿಯಿಂದ ಬಂದ ಕಟ್ಟಿನಲ್ಲಿ ಛತ್ರಿಯ ರೆಕಾರ್ಡಿತ್ತು. ಹದಿನೈದು ದಿನವೂ ಎಲ್ಲ ಕ್ಯಾಸೆಟ್ಟಿನ ಬಾಲಕ್ಕೆ ಅದನ್ನೇ ಹಾಕಿದ್ದ. ಅತ್ತೆ ಬರುವ ಹಿಂದಿನ ದಿನ ಅದರ ಮೇಲೆ ಕೂತುಬಿಟ್ಟಿದ್ದ. ಚೂರುಗಳನ್ನು ಕಾಗದದಲ್ಲಿ ಸುತ್ತಿ ಮೋರಿಗೆ ಎಸೆದು, ಆ ಹದಿನೈದು ದಿನವನ್ನೇ ಮರೆತುಬಿಡಲು ಪ್ರಯತ್ನಪಟ್ಟು, ಅದರಲ್ಲಿ ಸಂಪೂರ್ಣವಾಗಿ ಗೆದ್ದಿದ್ದ.

"ನಾನು," ಎಂದ.

"ನೀನಾ?"

"ನಿನ್ನ ಆಪರೇಷನ್ ಆದಾಗ. ರೆಕಾರ್ಡು ಒಡೆದೋಯ್ತು. ನಾನೇ ಕೂತೆ ಅದ್ರ ಮೇಲೆ. ಹೇಳಿರ್ಲಿಲ್ಲ."

ಮೂವತ್ತೆಂಟು ವರ್ಷದ ಅಪರಾಧ ಹೀಗೆ ಊರಿಗೆಲ್ಲ ಪ್ರಸಾರವಾಯಿತು. ಅತ್ತೆ ರೆಕಾರ್ಡಿನ ಸುದ್ದಿಗೇ ಹೋಗಲಿಲ್ಲ. ನಿರೂಪಕಿಯ ಕಡೆ ತಿರುಗಿ, "ಅದನ್ನ ಇನ್ನೊಂದ್ಸಲ ಹಾಕಮ್ಮ" ಎಂದಳು.

ಕಾರ್ಯಕ್ರಮದ ಚರಿತ್ರೆಯಲ್ಲಿ ಒಂದೇ ಹಾಡನ್ನು ಎರಡು ಸಲ ಹಾಕಿದ್ದು ಅದೇ ಮೊದಲು. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಗಂಡಸು ಕೈ ಎತ್ತಿದ. ನಾಲ್ಕು ಪೆಟ್ಟು. ಇಳಿತ.

"ಆ ನಾಲ್ಕು ಯಾಕೆ ಬಿಟ್ಟೆ?"

"ಬಾಗಿಲು ತಟ್ಟಿದ್ನೋ ಅಥವಾ ಅವನ ಎದೆ ಬಡ್ಕೊಳ್ತಿದೆಯೋ ಗೊತ್ತಾಗ್ಬಾರದು ಅಂತ." ತುಂಡಣ್ಣನಿಗೆ ತಾನು ಹೀಗೆ ಯೋಚಿಸಿದ್ದೆನೆಂಬುದು ಈಗಲೇ ಗೊತ್ತಾದದ್ದು. ಆದರೆ ಹೇಳುತ್ತಿದ್ದಂತೆ ಅದು ನಿಜವೆಂದೂ ಗೊತ್ತಾಯಿತು.

"ಹೆಚ್ಚಾಯ್ತು. ಎರಡು ಸಾಕಿತ್ತು."

"ಎರಡು ಹಾಕಿದ್ರೆ ತಟ್ಟಿದ ಅಂತ್ಲೇ ಆಗತ್ತೆ. ಮನೆ ಬಾಗಿಲನ್ನ ಜನ ಎರಡು ಸಲ ತಟ್ಟೋದು."

"ಮೂರು ತಟ್ತಾರೆ ಕಣೋ."

"ಛತ್ರಿ ವಾಪಸ್ ಕೊಡೋಕೆ ಬಂದೋನು ಮೂರು ತಟ್ಟಲ್ಲ ಅತ್ತೆ. ಅವನಿಗೆ ಬಾಗಿಲು ತೆಗೀದೆ ಇದ್ರೇ ಒಳ್ಳೇದು."

ಅತ್ತೆಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅದನ್ನು ಅಲ್ಲಿಯವರೆಗೆ ನೋಡಿದವರು ಯಾರೂ ಇರಲಿಲ್ಲ. ತುಂಡಣ್ಣ ಆ ಬಿಡುವಿನಲ್ಲಿ ಸಂದು ಹೊಕ್ಕ. ಹತ್ತೊಂಬತ್ತು ವರ್ಷ ಪ್ಲಾಸ್ಟಿಕ್ ಗಿಡಕ್ಕೆ ಹೇಳದೆ ಉಳಿಸಿಕೊಂಡಿದ್ದೆಲ್ಲ ಹೊರಗೆ ಬಂತು. ಅತ್ತೆ ನಿಲ್ಲಿಸಿದ ಹಾಡುಗಳು ಹೊಸ್ತಿಲಲ್ಲಿ ನಿಲ್ಲುತ್ತವೆ, ತಾನು ನಿಲ್ಲಿಸುವವು ಒಂದು ಹೆಜ್ಜೆ ಆಚೆ ಇಟ್ಟು ನಿಲ್ಲುತ್ತವೆ ಎಂದ. ಅತ್ತೆ ಸುಧಾರಿಸಿಕೊಂಡು, ಆಚೆ ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆಯೋಕಾಗತ್ತೇನೋ ಎಂದಳು. ಇವನು ಏದುಸಿರಿನ ಹಾಡನ್ನೂ ಅವಳು ನಾಲ್ಕು ಮಾತ್ರೆ ಬೇಗ ನಿಲ್ಲಿಸಿದಳೆಂದ. ಅವಳು ಯಾವತ್ತೋ ಹೊಟೇಲಿನಲ್ಲಿ ಅವನು ನುಡಿಸಿದ್ದನ್ನು ಎತ್ತಿ, ನಿನಗೆ ನಿಲ್ಲಿಸೋಕೆ ಬರುತ್ತೆ, ಶುರು ಮಾಡೋಕೆ ಬರಲ್ಲ ಎಂದಳು. ನಿರೂಪಕಿ ಗಡಿಯಾರದ ಕಡೆ ಬೆರಳು ತೋರಿಸಿದಳು, ಕೈಬೀಸಿದಳು, ಕೊನೆಗೆ ಎದ್ದೇ ನಿಂತಳು. ನಾಲ್ಕೂವರೆಗೆ ವಾರ್ತೆ ತಾನಾಗಿಯೇ ಶುರುವಾಗುವ ವ್ಯವಸ್ಥೆ ಅಲ್ಲಿಯದು.

"ನೋಡತ್ತೆ, ನೀನು ಕಲಿಸಿದ್ದೇ, ಆದ್ರೆ ನಾನು," ಎಂದು ತುಂಡಣ್ಣ ಹೇಳುತ್ತಿದ್ದಾಗ ಕೆಂಪು ದೀಪ ಆರಿತು.

ಇಬ್ಬರೂ ಹೊರಗೆ ಮೊಗಸಾಲೆಗೆ ಬಂದರು. ಮೊಬೈಲು ಗುಂಯ್‌ಗುಟ್ಟಿತು. ಭಾವ. ತುಂಡಣ್ಣ ಕಿವಿಗಿಟ್ಟುಕೊಂಡ.

"ಏನಯ್ಯಾ, ಆದ್ರೆ ನೀನು ಏನು? ಅಲ್ಲಿಗೇ ವಾರ್ತೆ ಬಂದ್ಬಿಡ್ತಲ್ಲ. ನನ್ನ ತಂಗೀನೂ ನಾನೂ ಇಬ್ರೂ ಕೂತ್ಕೊಂಡು ಕಾಯ್ತಾ ಇದೀವಿ. ಹೇಳು ಮುಂದೇನು."

ತುಂಡಣ್ಣ ಅತ್ತೆಯನ್ನು ನೋಡಿದ. ಅವಳು ಬೇಡ ಎಂದು ತಲೆಯಾಡಿಸಿದಳು.

"ಅಷ್ಟೇ ಭಾವ," ಎಂದು ಮೊಬೈಲು ಜೇಬಿಗಿಟ್ಟ.

"ಆದ್ರೂ ಆ ವಾರ್ತೆ ಮೆಷಿನ್ನಿಗೆ ಸ್ವಲ್ಪಾನೂ ಕಿವಿ ಇಲ್ಲ," ಎಂದಳು ಅತ್ತೆ, ಮೆಟ್ಟಿಲಿಳಿಯಲು ಅವನ ತೋಳು ಹಿಡಿಯ ಹೋಗಿ, ಅದು ಎತ್ತರದಲ್ಲಿದ್ದದ್ದರಿಂದ ಅಂಗಿಯ ಜೇಬು ಹಿಡಿದುಕೊಂಡು. "'ಆದ್ರೆ' ಅಂದ ಕೂಡ್ಲೇ ನಿಲ್ಲಿಸ್ಬೇಕಿತ್ತು. 'ನಾನು' ಹೆಚ್ಚಾಯ್ತು."

"ಇಲ್ಲ," ಎಂದ ತುಂಡಣ್ಣ. "'ನಾನು' ಇರ್ಲಿ."

ಅತ್ತೆ ಮೂರು ಮೆಟ್ಟಿಲು ಇಳಿಯುವವರೆಗೂ ಯೋಚಿಸಿದಳು. "ಹೂಂ," ಎಂದಳು ಆಮೇಲೆ. "ಇರ್ಲಿ ಬಿಡು."